ದೇವರ ಚೀಲ

"ಇದು ನನ್ನ ತೊಟ್ಟೆ ಅಲ್ಲ ದಫೇದಾರ್ರೆ," ಎಂದಳು ಹವ್ವಮ್ಮ.

ಠಾಣೆಯ ಜಗಲಿಯ ಬೆಂಚಿನ ತುದಿಯಲ್ಲಿ ಅವಳು ಮುದುಡಿಕೊಂಡು ಕೂತಿದ್ದಳು. ಬೆರಳಿನ ಸಂದಿಗಳಲ್ಲಿ ಒಣಗಿದ ಮೈದಾ ಅಂಟು ಹಾಗೇ ಇತ್ತು. ಬೆಳಿಗ್ಗೆ ಏಳಕ್ಕೆ, ಕೈ ತೊಳೆಯಲಿಕ್ಕೂ ಬಿಡದೆ, ಕಾಗದದ ತೊಟ್ಟೆ ಅಂಟಿಸುತ್ತಿದ್ದವಳನ್ನು ಎಬ್ಬಿಸಿ ಜೀಪಿಗೆ ಹತ್ತಿಸಿದ್ದರು.

ದಫೇದಾರ ಬೋಜಪ್ಪ ಕೈಯಲ್ಲಿದ್ದ ಕಾಗದದ ಪೊಟ್ಟಣವನ್ನು ಬೆಳಕಿಗೆ ಹಿಡಿದ. ಮೂರು ಮಾಳಿಗೆಯ ಸರ್ಕಾರಿ ಕ್ವಾರ್ಟರ್ಸಿನ ತಾರಸಿಯಿಂದ ಕಳೆದ ಮಂಗಳವಾರ ಬಿದ್ದು ಸತ್ತ ಭೂ ನ್ಯಾಯಮಂಡಳಿಯ ಗುಮಾಸ್ತ ವೆಂಕಟ್ರಮಣನ ಹತ್ತಿರ ಇದ್ದ, ಒಕ್ಕಲು ಸಂಕಪ್ಪನ ಗೇಣಿ ಫೈಲು ಅಂದೇ ಮಾಯವಾಗಿತ್ತು. ಅದರ ಒಂದೇ ಒಂದು ಹಾಳೆ ನೆಲಗಡಲೆ ತುಂಬಿಕೊಂಡು ನಿನ್ನೆ ಶುಕ್ರವಾರ ಬೋಜಪ್ಪನ ಮನೆಗೇ ಬಂದಿತ್ತು.

ತಂದವನು ಹೆಂಡತಿಯ ಅಣ್ಣ, ಸುಳ್ಯದಲ್ಲಿ ಜಮೀನಿನ ದಸ್ತಾವೇಜು ಪತ್ರ ಬರೆಯುವ ತೀರ್ಥರಾಮ. ಬೆಳ್ಳಾರೆ ಪೇಟೆಯಲ್ಲಿ ಬಸ್ಸು ಕಾಯುವಾಗ ಕೊಂಡದ್ದಂತೆ. ಕಡಲೆ ಮುಗಿದ ಮೇಲೆ ಪೊಟ್ಟಣ ಬಿಡಿಸಿ ಓದುವುದು ಬೋಜಪ್ಪನ ಹಳೆಯ ಚಾಳಿ. ಉಪ್ಪು ಕಟ್ಟಿ ಬಂದ ಕಾಗದವನ್ನೂ ಅವನು ಸುಮ್ಮನೆ ಬಿಸಾಡಿದವನಲ್ಲ. ಹಾಗೆ ಓದುವಾಗ ಗುಂಡು ಸೀಲು ಕಂಡಿತು, ಸಂಕಪ್ಪನ ಹೆಸರು ಕಂಡಿತು, ಪೊಟ್ಟಣವನ್ನು ಹಾಗೇ ಠಾಣೆಗೆ ಒಯ್ದ.

ಇನ್‌ಸ್ಪೆಕ್ಟರಿಗೆ ಅಷ್ಟೇ ಸಾಕಾಯಿತು. ಕ್ವಾರ್ಟರ್ಸಿನ ಹನ್ನೆರಡು ಮನೆಗಳಿಂದ ಪ್ರತಿ ಮಂಗಳವಾರ ಹಳೆ ಕಾಗದ ಒಟ್ಟುಮಾಡುವವಳು ಯಾರು? ಹವ್ವಮ್ಮ. ಅದರಿಂದ ತೊಟ್ಟೆ ಮಾಡಿ ಅಂಗಡಿಗಳಿಗೆ ಕೊಡುವವಳು ಯಾರು? ಹವ್ವಮ್ಮ. ಫೈಲು ಎತ್ತಿದ್ದಾಳೆ, ಗುಮಾಸ್ತ ಹಿಂದಿನಿಂದ ಓಡಿಬಂದಿದ್ದಾನೆ, ತಾರಸಿಯಲ್ಲಿ ಹಿಡಿದಿದ್ದಾನೆ, ಇವಳು ತಳ್ಳಿದ್ದಾಳೆ. ನಾಲ್ಕು ಗಂಟೆಗೆ ಕೋರ್ಟು.

ಗಡಿಯಾರದಲ್ಲಿ ಹನ್ನೊಂದು ಹೊಡೆಯಿತು.

"ನಿನ್ನದಲ್ಲ ಅಂತ ಹೇಗೆ ಹೇಳ್ತಿ?"

"ಇತ್ತ ಕೊಡಿ." ಹವ್ವಮ್ಮ ಪೊಟ್ಟಣ ತೆಗೆದುಕೊಂಡು ಹೆಬ್ಬೆರಳಿನಿಂದ ಅಂಚನ್ನು ತಡವಿದಳು. ಅಷ್ಟು ಹೊತ್ತಿನಲ್ಲಿ ಅವಳ ಮುಖದಲ್ಲಿ ಮೊದಲ ಬಾರಿ ಹೆದರಿಕೆಗಿಂತ ಬೇರೆ ಏನೋ ಕಂಡಿತು. ಕಸುಬು ಗೊತ್ತಿದ್ದವರ ತಾತ್ಸಾರ ಅದು. "ನೋಡಿ, ಅಡಿ ಒಂದೇ ಸರ್ತಿ ಮಡಚಿದ್ದು. ನಾವು ಎರಡು ಸರ್ತಿ ಮಡಚುದು, ಇಲ್ಲದಿದ್ರೆ ಸಕ್ಕರೆ ಸೋರ್ತದೆ. ಮತ್ತೆ ಇದನ್ನು ಅಂಟಿಸಿದ್ದು ಎಂತದ್ರಲ್ಲಿ ಗೊತ್ತುಂಟಾ?"

"ಎಂತದ್ರಲ್ಲಿ?"

"ಅನ್ನದಲ್ಲಿ."

ಬೋಜಪ್ಪ ಪೊಟ್ಟಣವನ್ನು ಕಣ್ಣಿನ ಹತ್ತಿರ ತಂದ. ಕಾಗದದ ಎರಡು ಪದರಗಳ ನಡುವೆ ಚಪ್ಪಟೆಯಾಗಿ ಒಣಗಿದ ಅಗುಳು. ಉಗುರಿನಿಂದ ಕೆರೆದಾಗ ಕೆಂಪು ಗೆರೆ ಕಾಣಿಸಿತು. ಕುಚ್ಚಲಕ್ಕಿ.

"ಮೈದಾ ಕಾಸಿ, ಒಂದು ಚಿಟಿಕೆ ಮೈಲುತುತ್ತು ಹಾಕಿದ ಅಂಟು ನಮ್ಮದು. ಜಿರಳೆ ಮುಟ್ಟುದಿಲ್ಲ. ಅನ್ನ ಹಾಕಿ ಅಂಟಿಸಿದ್ರೆ ಇಲಿ ಬಿಡ್ತದಾ? ಅಂಗಡಿಯವ್ರು ಮುಖಕ್ಕೆ ಬಿಸಾಡ್ತಾರೆ. ಮನೆಯಲ್ಲಿ ಕಾಗದದ ಕವರು ಅಂಟಿಸುವವ್ರು ಮಾಡುವ ಕೆಲಸ ಇದು. ತೊಟ್ಟೆ ಮಾರಿ ಉಂಬವರದ್ದಲ್ಲ."

ಬೋಜಪ್ಪ ಪೊಟ್ಟಣ ತಿರುಗಿಸಿ ಅಡಿಯ ಮಡಿಕೆ ನೋಡಿದ. ಯಾರೋ ಈ ಒಂದು ಹಾಳೆಯನ್ನು ಬೇಕೆಂದೇ ತೊಟ್ಟೆ ಮಾಡಿದ್ದಾರೆ. ಹವ್ವಮ್ಮನ ಕೊರಳಿಗೆ ಕಟ್ಟಲಿಕ್ಕೆ ಮಾಡಿದ್ದಾರೆ. ಆದರೆ ತೊಟ್ಟೆ ಮಾಡಿ ಅಭ್ಯಾಸ ಇಲ್ಲದವರು.

"ಉಳಿದ ಫೈಲು ನೀನು ನೋಡಿಯೇ ಇಲ್ಲವಾ?"

"ಫೈಲು ಅಂದ್ರೆ ಹೇಗಿರ್ತದೆ ಅಂತ ನನಗೇನು ಗೊತ್ತು? ಆ ದಿನ ಗುಮಾಸ್ತರು ಬಾಗಿಲಲ್ಲೇ ನಿಂತಿದ್ರು. ಯಾವಾಗಲೂ ಅವ್ರ ಹೆಂಡತಿ ಕಾಗದ ಕೊಡುದು, ಆ ದಿನ ಅವ್ರೇ ಕೊಟ್ರು. ಕ್ಯಾಲೆಂಡರಿನ ಕಟ್ಟು. ಮೇಲೆ ಲಕ್ಷ್ಮಿ ಪಟ. ದಪ್ಪ ಇತ್ತು, ನೂಲಿನಿಂದ ಬಿಗಿದಿತ್ತು. 'ಹವ್ವಮ್ಮ, ಇದು ದೇವರ ಚೀಲಕ್ಕೆ' ಅಂದ್ರು. ಒಂಬತ್ತು ಗಂಟೆಗೆ ಕೊಟ್ರು. ಹತ್ತಕ್ಕೆ ಬಿದ್ರು."

"ದೇವರ ಚೀಲ?"

"ಅದು ನಮ್ಮ ಮಹಿಳಾ ಮಂಡಲದ ಕ್ರಮ. ದೇವರ ಪಟ, ಮದುವೆ ಕಾಗದ, ನಮ್ಮ ಅರಬಿ ಅಕ್ಷರದ ಕಾಗದ, ಇದ್ಯಾವುದನ್ನೂ ಕತ್ತರಿಸ್ಲಿಕ್ಕಿಲ್ಲ. ಕಡಲೆ ತಿಂದು ಬಿಸಾಡಿ, ಮೇಲಿಂದ ಮೆಟ್ಟಿದ್ರೆ? ಎಲ್ಲ ಒಂದು ಗೋಣಿಗೆ. ತಿಂಗಳ ಕೊನೆಗೆ ಉಪ್ಪಿನಂಗಡಿ ಹೊಳೆಗೆ. ಆ ಗೋಣಿಗೆ ಹಾಕಿದ್ದನ್ನು ಮತ್ತೆ ಯಾರೂ ತೆಗೆದು ನೋಡ್ಲಿಕ್ಕಿಲ್ಲ. ಬೇಕಾದ್ರೆ ಪೂವಮ್ಮಕ್ಕನನ್ನೇ ಕೇಳಿ. ಆ ದಿನ ಮಧ್ಯಾಹ್ನ ಕಾಗದ ಹೆಕ್ಕುವಾಗ ನಿಮ್ಮ ಮನೆಯವ್ರೂ ನನ್ನ ಎದುರಲ್ಲೇ ಕೂತಿದ್ರಲ್ಲ."

ಹೆಂಡತಿ ಪೂವಮ್ಮ ಮಂಡಲಕ್ಕೆ ಹೋಗುವುದು ಬೋಜಪ್ಪನಿಗೆ ಹೊಸ ಸಂಗತಿಯಲ್ಲ. ಅವನ ತಲೆ ಆಗಲೇ ಲಕ್ಷ್ಮಿ ಪಟದ ಕಟ್ಟಿಗೆ ಅಂಟಿಕೊಂಡಿತ್ತು. ಗುಮಾಸ್ತ ದಡ್ಡನಾಗಿರಲಿಲ್ಲ. ಬೀಗ ಹಾಕಿದ ಕಪಾಟನ್ನು ಯಾರಾದರೂ ಒಡೆದಾರು. ಹಿಂದುವಾಗಲಿ ಮುಸಲ್ಮಾನ ಬ್ಯಾರಿಯಾಗಲಿ ಯಾರೂ ಕೈ ಹಾಕದ ಜಾಗ ಇಡೀ ಊರಿನಲ್ಲಿ ಅದೊಂದೇ ಗೋಣಿ. ಅಂಥ ಜಾಗ ಹುಡುಕಿದ್ದಾನೆ ಎಂದರೆ ಜೀವಭಯ ಹುಟ್ಟಿತ್ತು.

ಅವನು ಒಳಗೆ ಹೋಗಿ ಇನ್‌ಸ್ಪೆಕ್ಟರರ ಮೇಜಿನ ಮೇಲೆ ಪೊಟ್ಟಣ ಇಟ್ಟು ಅಗುಳಿನ ಕಥೆ ಹೇಳಿದ. ಘಟ್ಟದ ಮೇಲಿನಿಂದ ಬಂದ ಆ ಮನುಷ್ಯ ತಲೆ ಎತ್ತಲೂ ಇಲ್ಲ.

"ಒಂದು ಅಗಳು ಅನ್ನ ಹಿಡ್ಕೊಂಡು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಲೇನ್ರೀ ನಾನು? ಫೈಲ್ ಇದ್ರೆ ತಗೊಂಡ್ ಬನ್ನಿ. ಇಲ್ಲಾಂದ್ರೆ ನಾಲ್ಕಕ್ಕೆ ಆ ಹೆಂಗಸನ್ನ ಕರ್ಕೊಂಡ್ ಹೋಗೋದೇ."

ಹೊರಗೆ ಬಂದಾಗ ಹವ್ವಮ್ಮ ಅಂಟು ಹಿಡಿದ ಬೆರಳುಗಳನ್ನು ಸೆರಗಿನಲ್ಲಿ ಉಜ್ಜುತ್ತಿದ್ದಳು. "ದಫೇದಾರ್ರೆ, ಮೈಮೂನಾ ಒಬ್ಬಳೇ ಇದ್ದಾಳೆ. ಬರುವ ತಿಂಗಳು ಅವಳ ಮದುವೆ ಮಾತು. ತಾಯಿ ಜೈಲಿಗೆ ಹೋದ್ಲು ಅಂದ್ರೆ ಯಾರು ಬರ್ತಾರೆ?"

"ನಾನಿದ್ದೇನೆ," ಎಂದುಬಿಟ್ಟ ಬೋಜಪ್ಪ. ಮೂವತ್ತು ವರ್ಷದ ಕೆಲಸದಲ್ಲಿ ಅವನು ಯಾರಿಗೂ ಹಾಗೆ ಮಾತು ಕೊಟ್ಟವನಲ್ಲ. ಯಾಕೆ ಕೊಟ್ಟೆನೋ ಎಂದು ಮೆಟ್ಟಿಲು ಇಳಿಯುವಾಗಲೇ ಹೆದರಿಕೆಯಾಯಿತು.

*

ಏಪ್ರಿಲಿನ ಸೆಕೆಗೆ ಕ್ವಾರ್ಟರ್ಸಿನ ಅಂಗಳ ಬಿಕೋ ಎನ್ನುತ್ತಿತ್ತು. ವೆಂಕಟ್ರಮಣ ಬಿದ್ದ ಜಾಗಕ್ಕೆ ಯಾರೋ ಎರಡು ಬುಟ್ಟಿ ಮರಳು ಸುರಿದಿದ್ದರು. ಅದನ್ನು ಬಳಸಿಕೊಂಡೇ ಎಲ್ಲರೂ ಓಡಾಡಿದ್ದರಿಂದ ಪಕ್ಕದಲ್ಲಿ ಹೊಸದೊಂದು ಕಾಲುದಾರಿ ಮೂಡಿತ್ತು.

ಪ್ರತಿ ಮಾಳಿಗೆಯ ಮೆಟ್ಟಿಲ ತಿರುವಿನಲ್ಲೂ ಎರಡೆರಡು ಡಾಮರು ಡ್ರಮ್ಮುಗಳು. ಹಸಿರು ಬಣ್ಣದ್ದರ ಮೇಲೆ 'ಕಾಗದ', ಕೆಂಪಿನದ್ದರ ಮೇಲೆ 'ಬಾಟ್ಲಿ, ತಗಡು'. ವರ್ಷದ ಹಿಂದೆ ಮಂಡಲ ನಡೆಸುವ ಪಂಕಜಾಕ್ಷಿ ಇವನ್ನು ತಂದು ಇಡಿಸಿದಾಗ ಊರೆಲ್ಲ ನಕ್ಕಿತ್ತು. ದೊಡ್ಡ ಮನೆತನದ ಹೆಂಗಸಿಗೆ ಗುಜರಿ ಹುಚ್ಚು ಹಿಡಿದಿದೆ ಎಂದಿತ್ತು. ಈಗ ಬಸ್‌ಸ್ಟ್ಯಾಂಡಿನಲ್ಲೂ ಎರಡು ಡ್ರಮ್ಮು ನಿಂತಿದ್ದವು. ಸುಳ್ಯದಿಂದ, ಕಡಬದಿಂದ ನಮಗೂ ಬೇಕು ಎಂದು ಹೇಳಿಕಳಿಸಿದ್ದರು. ಹದಿನಾರು ಹೆಂಗಸರ ಒಲೆ ಆ ಹಳೆ ಕಾಗದದಲ್ಲಿ ಉರಿಯುತ್ತಿತ್ತು.

ಮೆಟ್ಟಿಲ ಅಡಿಯ ಮಂಡಲದ ಕೋಣೆಯಲ್ಲಿ ಪಂಕಜಾಕ್ಷಿ ಒಬ್ಬಳೇ ಇದ್ದಳು. ಎದುರಿಗೆ ಅರ್ಧ ಕತ್ತರಿಸಿಟ್ಟ ಕಾಗದದ ರಾಶಿ.

"ಇವತ್ತು ಯಾರೂ ಬರ್ಲಿಲ್ಲ ಬೋಜಪ್ಪಣ್ಣ. ಪೊಲೀಸ್ರು ಹವ್ವಮ್ಮನನ್ನು ಕೊಂಡೋದ್ರು ಅಂತ ಗೊತ್ತಾದದ್ದೇ, ಎಲ್ಲರ ಮನೆಯಲ್ಲೂ ಗಂಡಂದಿರು ಬಾಗಿಲು ಹಾಕಿದ್ರು. ಬಸ್‌ಸ್ಟ್ಯಾಂಡಿನ ಡ್ರಮ್ಮಿಗೆ ಯಾರೋ ಬೆಂಕಿ ಕೊಟ್ಟಿದ್ದಾರೆ. ನೋಡಿದ್ರಾ?"

"ನೋಡಿದೆ ಪಂಕಜಾಕ್ಷಕ್ಕ. ನನಗೆ ದೇವರ ಚೀಲ ಬೇಕಿತ್ತು."

"ಅದಿಲ್ಲಿ ಇಲ್ಲ."

ಬೋಜಪ್ಪ ಬಾಗಿಲಿನ ಬೀಗ ನೋಡಿದ. ಕೋಣೆಯ ಬೀಗದ ಕೈ ಇರುವುದು ಇವಳೊಬ್ಬಳ ಹತ್ತಿರ. ಸಂಕಪ್ಪನ ಧಣಿ, ಈಶ್ವರಮಂಗಲದ ತ್ಯಾಂಪಣ್ಣ, ಇವಳಿಗೆ ದೂರದ ನೆಂಟ. ಸಂಕಪ್ಪ ಗೇಣಿಗೆ ಮಾಡುತ್ತಿದ್ದ ಗದ್ದೆ ಅವನ ಪಾಲಾದರೆ ಕಳೆದುಕೊಳ್ಳುವವನು ತ್ಯಾಂಪಣ್ಣ.

"ತಿಂಗಳ ಕೊನೆ ಆಗ್ಲಿಲ್ಲ. ಇಷ್ಟು ಬೇಗ ಯಾಕೆ ಕಳಿಸಿದ್ದು?" ಅವನ ಸ್ವರ ಗಡುಸಾಯಿತು. "ನಿಮ್ಮ ನೆಂಟರಿಗೆ ಉಪಕಾರ ಆಗ್ಲಿ ಅಂತಲಾ?"

ಪಂಕಜಾಕ್ಷಿ ಕತ್ತರಿ ಕೆಳಗಿಟ್ಟಳು.

"ನೆಂಟಸ್ತಿಕೆ ಹೇಳಿ ನನ್ನ ಬಾಯಿ ಮುಚ್ಚಿಸ್ಬೇಡಿ. ತ್ಯಾಂಪಣ್ಣಣ್ಣನ ಅಂಗಳಕ್ಕೆ ನಾನು ಕಾಲಿಡದೆ ಆರು ವರ್ಷ ಆಯ್ತು. ಹೊಳೆಗೆ ಬಿಡ್ಲಿಕ್ಕೆ ಚೀಲ ಕೇಳಿದ್ದು ನಾನಲ್ಲ. ಬುಧವಾರ ಬೆಳಿಗ್ಗೆಯೇ ಕೇಳಿದ್ರು, ತಿಂಗಳ ಕೊನೆ ಆಗ್ಲಿ ಅಂದೆ. ಗುರುವಾರ ಕೇಳಿದ್ರು. ಇವತ್ತು ಬಂದು, 'ಇನ್ನು ಪೊಲೀಸ್ರು ಕೋಣೆ ಜಾಲಾಡ್ತಾರೆ, ದೇವರ ಪಟಕ್ಕೆ ಬೂಟು ತಾಗುದು ಬೇಡ' ಅಂದ್ರು. ಹೌದು ಅನಿಸ್ತು. ಕೊಟ್ಟೆ. ಪೊಲೀಸ್ರ ಮನೆಯವ್ರೇ ಹೇಳಿದ ಮೇಲೆ ಕೊಡದಿರ್ಲಿಕ್ಕೆ ಆಗ್ತದಾ?"

"ಯಾವ ಪೊಲೀಸ್ರ ಮನೆಯವ್ರು?"

ಪಂಕಜಾಕ್ಷಿ ಅವನ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿದ್ದಾನೋ ಎಂಬ ಅನುಮಾನ ಮೊದಲು, ಆಮೇಲೆ ಕನಿಕರ.

"ನಿಮ್ಮ ಪೂವಮ್ಮ, ಬೋಜಪ್ಪಣ್ಣ. ಹತ್ತು ಗಂಟೆಯ ಉಪ್ಪಿನಂಗಡಿ ಬಸ್ಸಿಗೆ ಹೋದ್ರು. ನಿಮಗೆ ಗೊತ್ತಿಲ್ವಾ?"

*

ಬೆಳ್ಳಾರೆಗೆ ಹೋಗುತ್ತೇನೆ ಎಂದಿದ್ದಳು ಪೂವಮ್ಮ. ದೊಡ್ಡಮ್ಮನಿಗೆ ಸೌಖ್ಯ ಇಲ್ಲ, ನೋಡಿಕೊಂಡು ಸಂಜೆಗೆ ಬರುತ್ತೇನೆ ಎಂದಿದ್ದಳು. ಬೋಜಪ್ಪ ಬೂಟಿಗೆ ಪಾಲಿಶ್ ಹಾಕುತ್ತ ಹೂಂ ಅಂದಿದ್ದ.

ಉಪ್ಪಿನಂಗಡಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವನಿಗೆ ಬೆವರು ಹರಿದು ಅಂಗಿ ಬೆನ್ನಿಗಂಟಿತ್ತು. ಹೊರಡುವ ಮೊದಲು ಠಾಣೆಯ ಕಾನ್ಸ್‌ಟೇಬಲ್ ದೇವದಾಸನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: ಫೈಲು ಹುಡುಕಿಕೊಂಡು ಉಪ್ಪಿನಂಗಡಿ ಹೊಳೆಬದಿಗೆ ಹೋಗುತ್ತಿದ್ದೇನೆ, ಕೋರ್ಟಿಗೆ ಹೊರಡುವುದನ್ನು ಆದಷ್ಟು ತಡಮಾಡಿಸು. ಹೆಂಡತಿಯ ಹೆಸರು ಎತ್ತಿರಲಿಲ್ಲ. ಹೆಸರು ಯಾಕೆ ಎತ್ತಲಿಲ್ಲ ಎಂದು ಈಗ ತನ್ನನ್ನೇ ಕೇಳಿಕೊಂಡ.

ಇಪ್ಪತ್ತೆರಡು ವರ್ಷದ ಸಂಸಾರ. ಸುಳ್ಳು ಹೇಳಲಿಕ್ಕೆ ಬಾರದ ಹೆಂಗಸು ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗಿದವನು ಅವನು. ಬುಧವಾರ ಬೆಳಿಗ್ಗೆ ಎಂದರೆ ಗುಮಾಸ್ತನ ಹೆಣ ಇನ್ನೂ ಆಸ್ಪತ್ರೆಯಿಂದ ಬಂದಿರಲಿಲ್ಲ. ಫೈಲು ಕಾಣೆಯಾಗಿದೆ ಎಂದು ಠಾಣೆಗೇ ಗೊತ್ತಾದದ್ದು ಬುಧವಾರ ಸಂಜೆ. ಅದಕ್ಕೂ ಮೊದಲು ಆ ಗೋಣಿಯನ್ನು ಹೊಳೆಗೆ ಹಾಕಬೇಕೆಂದು ಯಾರಿಗಾದರೂ ಅವಸರ ಇತ್ತು ಎಂದರೆ, ಒಳಗೆ ಏನಿದೆ ಎಂದು ಅವರಿಗೆ ಗೊತ್ತಿತ್ತು.

ಅಣ್ಣನಿಗಾಗಿ, ಎಂದುಕೊಂಡ. ಪತ್ರ ಬರೆಯುವವನು ತೀರ್ಥರಾಮ. ಕಡಲೆ ತಂದವನೂ ಅವನೇ. ಅಪ್ಪ ಸತ್ತ ಮೇಲೆ ಪೂವಮ್ಮನನ್ನು ಸಾಕಿ, ಧಾರೆ ಎರೆದು ಕೊಟ್ಟ ಅಣ್ಣ. ಅವನಿಗಾಗಿ ಅವಳು ಏನೂ ಮಾಡಿಯಾಳು. ಹಾಗೆಂದುಕೊಂಡಾಗ ಬೋಜಪ್ಪನಿಗೆ ಹೆಂಡತಿಯ ಮೇಲೆ ಸಿಟ್ಟು ಬರಲಿಲ್ಲ. ಬಸ್ಸು ನಿಂತಲ್ಲೆಲ್ಲ ಗಡಿಯಾರ ನೋಡಿಕೊಂಡ.

ಬಸ್ಸಿಳಿದಾಗ ಎರಡು ಗಂಟೆ ದಾಟಿತ್ತು. ಬೇಸಗೆಯ ಹೊಳೆ ಮರಳಿನ ನಡುವೆ ಎರಡು ಮೂರು ಸೀಳಾಗಿ ಹರಿಯುತ್ತಿತ್ತು. ನೀರಿಗೆ ಓಟ ಇರಲಿಲ್ಲ. ಬಿಟ್ಟ ಪಟಗಳು ದೂರ ಹೋಗಲಾರದೆ ಕಲ್ಲುಗಳಿಗೆ ತಾಗಿ ನಿಂತಿದ್ದವು. ಕೃಷ್ಣ, ಶಾರದೆ, ಯಾವುದೋ ಮದುವೆಯ ಹಳದಿ ಕಾಗದ, ಎಲ್ಲ ಮುಖ ಮೇಲಾಗಿ ತೇಲುತ್ತಿದ್ದವು.

ದಂಡೆಯ ಕಲ್ಲಿನ ಮೇಲೆ ಪೂವಮ್ಮ ಕೂತಿದ್ದಳು. ಗೋಣಿ ಖಾಲಿಯಾಗಿ ಪಕ್ಕದಲ್ಲಿ ಬಿದ್ದಿತ್ತು. ಮಡಿಲಲ್ಲಿ ಒಂದೇ ಒಂದು ಕಟ್ಟು ಉಳಿದಿತ್ತು, ಮೇಲೆ ಲಕ್ಷ್ಮಿ ಪಟ.

"ಬೆಳ್ಳಾರೆ ಬಸ್ಸು ಈ ಕಡೆಯಿಂದ ಹೋಗುದಾ?" ಎಂದ ಬೋಜಪ್ಪ.

ಅವಳು ಬೆಚ್ಚಲಿಲ್ಲ. "ನೀವು ಬರ್ತೀರಿ ಅಂತ ಗೊತ್ತಿತ್ತು. ಬರುವ ಮೊದಲು ಬಿಟ್ಟುಬಿಡುವ ಅಂತ ಹನ್ನೊಂದು ಗಂಟೆಯಿಂದ ಕೂತಿದ್ದೇನೆ. ಕೈಯೇ ಬರ್ಲಿಲ್ಲ."

"ಅದನ್ನು ಇತ್ತ ಕೊಡು."

"ಕೊಡ್ತೇನೆ. ಕೂತ್ಕೊಳ್ಳಿ."

"ಕೂತುಕೊಳ್ಳಲಿಕ್ಕೆ ಪುರುಸೊತ್ತಿಲ್ಲ. ನಾಲ್ಕು ಗಂಟೆಗೆ ಹವ್ವಮ್ಮನನ್ನು ಕೋರ್ಟಿಗೆ ಹಾಕ್ತಾರೆ. ಕೊಲೆ ಕೇಸು. ನಿನ್ನ ಎದುರು ಕೂತು ಕಾಗದ ಹೆಕ್ಕಿದವಳು ಅವಳು. ಅಣ್ಣನನ್ನು ಉಳಿಸ್ಲಿಕ್ಕೆ ಅವಳನ್ನು ಕೊಡ್ತೀಯಾ ನೀನು?"

"ಅಣ್ಣನನ್ನಾ?" ಪೂವಮ್ಮ ನಕ್ಕಳು. ಅಂಥ ನಗುವನ್ನು ಬೋಜಪ್ಪ ಅವಳ ಮುಖದಲ್ಲಿ ಕಂಡಿರಲಿಲ್ಲ. "ಮಂಗಳವಾರ ಮಧ್ಯಾಹ್ನ ಹೆಕ್ಕುವಾಗ ಇದರ ನೂಲು ಬಿಚ್ಚಿಹೋಯ್ತು. ಹವ್ವಮ್ಮ ನೀರು ಕುಡಿಲಿಕ್ಕೆ ಎದ್ದಿದ್ಲು. ಮೇಲಿನ ಕಾಗದದಲ್ಲೇ ಕಂಡಿತು. ಆ ದಿನದಿಂದ ಒಂದು ತುತ್ತು ನನ್ನ ಗಂಟಲಲ್ಲಿ ಇಳಿಯುದಿಲ್ಲ. ನಿಮಗೆ ಅದೂ ಗೊತ್ತಾಗ್ಲಿಲ್ಲ. ಕೂತ್ಕೊಳ್ಳಿ. ಓದಿ."

ಅವನು ಕೂತ. ಕಟ್ಟು ಬಿಚ್ಚಿದ. ಲಕ್ಷ್ಮಿಯ ಒಳಗೆ ಕಂದು ರಟ್ಟಿನ ಫೈಲು ಇತ್ತು.

ಎಲ್ಲಕ್ಕಿಂತ ಮೇಲಿನ ಕಾಗದ, ಸಂಕಪ್ಪ ತನ್ನ ಗೇಣಿ ಗದ್ದೆಯನ್ನು ಸ್ವಇಚ್ಛೆಯಿಂದ ಧಣಿಗೆ ಬಿಟ್ಟುಕೊಟ್ಟೆನೆಂಬ ಪತ್ರ. ಇಸವಿ ಸಾವಿರದ ಒಂಬೈನೂರ ಎಪ್ಪತ್ತಮೂರು, ಫೆಬ್ರವರಿ. ಉಳುವವನಿಗೆ ಭೂಮಿ ಎಂಬ ಕಾಯಿದೆ ಬಿಗಿಯಾಗುವುದಕ್ಕೂ ಮೊದಲಿನ ತಾರೀಕು. ಆ ತಾರೀಕಿನಲ್ಲಿ ಬಿಟ್ಟುಕೊಟ್ಟದ್ದು ನಿಜವಾದರೆ ಸಂಕಪ್ಪನಿಗೆ ಒಂದು ಅಂಗುಲವೂ ಸಿಗದು. ಬರಹ ತೀರ್ಥರಾಮನದು, ಆ ದುಂಡು ಅಕ್ಷರ ಯಾರಿಗೂ ಗೊತ್ತು. ಕೆಳಗೆ ಸಂಕಪ್ಪನದೆಂದು ಹೇಳುವ ಹೆಬ್ಬೆಟ್ಟು. ತ್ಯಾಂಪಣ್ಣನ ಸಹಿ. ಸಾಕ್ಷಿಗಳು ಇಬ್ಬರು.

ಮೊದಲನೆಯವನು ಸತ್ತು ನಾಲ್ಕು ವರ್ಷವಾಗಿತ್ತು.

ಎರಡನೆಯದು: ಬೋಜಪ್ಪ, ಪೊಲೀಸ್ ಕಾನ್ಸ್‌ಟೇಬಲ್, ನಂಬರು 412.

ಅವನು ಅದನ್ನು ಎರಡು ಸಲ ಓದಿದ. ಸಹಿ ತನ್ನದೇ. ಬಾಲ ಎಳೆದ 'ಪ್ಪ' ತನ್ನದೇ.

"ನೀವು ಹಾಕಿದ್ದಾ?" ಎಂದಳು ಪೂವಮ್ಮ. ಅಲ್ಲ ಎಂದರೆ ಸಾಕು, ನಂಬಿಬಿಡುತ್ತೇನೆ ಎಂಬಂತೆ ಕೇಳಿದಳು.

ಬೋಜಪ್ಪನಿಗೆ ನೆನಪಾಯಿತು. ಎಪ್ಪತ್ತೈದರಲ್ಲಿ, ತೀರ್ಥರಾಮನ ಮನೆಯ ಹೊಸ ಅಕ್ಕಿ ಊಟದ ದಿನ. ಹೊಟ್ಟೆ ಬಿರಿಯ ಉಂಡು ಚಾವಡಿಯಲ್ಲಿ ಎಲೆಯಡಿಕೆ ಹಾಕಿ ಒರಗಿದ್ದಾಗ ಭಾವ ನಾಲ್ಕೈದು ಕಾಗದ ತಂದು ಚಾಚಿದ್ದ. ಪೊಲೀಸರ ಸಾಕ್ಷಿ ಇದ್ದರೆ ಪತ್ರಕ್ಕೆ ಒಂದು ತೂಕ, ಇಲ್ಲೊಂದು ಹಾಕಿ ಭಾವ ಎಂದಿದ್ದ. ಹೆಂಡತಿಯ ಅಣ್ಣ ಅವನ ಮನೆಯಲ್ಲಿ ಉಂಡ ಕೈ ಒರೆಸಿಕೊಳ್ಳುವ ಮೊದಲು ಕೇಳಿದರೆ ಯಾರು ಓದಿ ಸಹಿ ಹಾಕುತ್ತಾರೆ? ಓದಲಿಕ್ಕೆ ಹೊರಟರೆ ನಂಬಿಕೆ ಇಲ್ಲವೆಂದು ಆಗುತ್ತದೆ. ಬೋಜಪ್ಪ ಹಾಕಿದ್ದ, ನಂಬರೂ ಬರೆದಿದ್ದ, ಮರೆತೂ ಬಿಟ್ಟಿದ್ದ.

"ಹೌದು," ಎಂದ. "ನಾನೇ."

ಪೂವಮ್ಮ ಮುಖ ತಿರುಗಿಸಿ ನೀರನ್ನು ನೋಡಿದಳು.

ನಂಬರಿನ ಅಡಿಯಲ್ಲಿ ಕೆಂಪು ಪೆನ್ಸಿಲಿನ ಗೆರೆ ಇತ್ತು. ಅಂಚಿನಲ್ಲಿ ವೆಂಕಟ್ರಮಣನ ಸಣ್ಣ ಅಕ್ಷರ: 'ಈ ನಂಬರು ಇವರಿಗೆ ಸಿಕ್ಕಿದ್ದು 1975ರ ಜೂನಿನಲ್ಲಿ. 1973ರಲ್ಲಿ ಇವರ ನಂಬರು ಬೇರೆ. ವಿಚಾರಿಸಿದೆ.' ಗುಮಾಸ್ತ ಹಿಡಿದದ್ದು ಅಲ್ಲಿ. ತಾರೀಕು ಹಿಂದಕ್ಕೆ ಹಾಕಿದ ತೀರ್ಥರಾಮ ಎಲ್ಲವನ್ನೂ ಸರಿಮಾಡಿದ್ದ, ಭಾವನ ಬೆಲ್ಟಿನ ನಂಬರನ್ನು ಯೋಚಿಸಿರಲಿಲ್ಲ. ಇನ್ನೆರಡು ವಾರಕ್ಕೆ ವಿಚಾರಣೆ ಇತ್ತು. ಈ ಒಂದು ಗೆರೆಗಾಗಿ ಒಬ್ಬ ಮನುಷ್ಯ ಮೂರು ಮಾಳಿಗೆಯಿಂದ ಬಿದ್ದಿದ್ದ.

"ಆ ಕಡಲೆ ತೊಟ್ಟೆ?" ಎಂದು ಕೇಳುವಾಗ ಬೋಜಪ್ಪನ ಸ್ವರವೇ ಅವನಿಗೆ ಗುರುತು ಸಿಗಲಿಲ್ಲ.

"ನಮ್ಮ ಅಡುಗೆಮನೆಯಲ್ಲೇ ಅಂಟಿಸಿದ್ದು. ಶುಕ್ರವಾರ ಅಣ್ಣ ಬಂದದ್ದೇ, ತೊಟ್ಟೆ ಬಿಟ್ಟುಹೋಗಿದೆ, ಒಂದಗುಳು ಅನ್ನ ಕೊಡು ತಂಗಿ ಅಂದ. ಕೊಟ್ಟೆ. ನನಗೇನು ಗೊತ್ತು? ನೀವು ಓದ್ತೀರಿ ಅಂತ ಅವನಿಗೆ ಗೊತ್ತಿತ್ತು." ಅವಳು ಖಾಲಿ ಗೋಣಿಯನ್ನು ಮಡಚತೊಡಗಿದಳು. "ಆ ಒಂದು ಕಾಗದ ಅವನ ಕೈಗೆ ಹೇಗೆ ಬಂತು ಅಂತ ನಾನು ಕೇಳ್ಲಿಲ್ಲ. ಹೆದರಿಕೆಯಾಯ್ತು."

ಬೋಜಪ್ಪನಿಗೆ ಕೇಳಬೇಕಾಗಿರಲಿಲ್ಲ. ಗುಮಾಸ್ತ ಫೈಲನ್ನು ಗೋಣಿಗೆ ಕಳಿಸುವ ಮೊದಲು ಒಂದು ಹಾಳೆ ಕಿಸೆಯಲ್ಲಿಟ್ಟುಕೊಂಡಿರಬೇಕು. ತಾರಸಿಯಲ್ಲಿ ಅವನ ಜೊತೆ ಇದ್ದವನಿಗೆ ಸಿಕ್ಕಿದ್ದು ಅದೊಂದೇ.

"ಇದನ್ನು ಕೊಂಡೋದ್ರೆ ನಿಮ್ಮ ಗತಿ?"

"ಸುಳ್ಳು ಪತ್ರಕ್ಕೆ ಸಾಕ್ಷಿ. ಕೆಲಸ ಹೋಗ್ತದೆ. ಜೈಲೂ ಆಗಬಹುದು." ಅವನು ಫೈಲು ಮುಚ್ಚಿದ. "ಕೊಲೆಯಲ್ಲೂ ನನ್ನನ್ನು ಸೇರಿಸ್ತಾರೆ. ಭಾವನೂ ನಾನೂ ಕೂಡಿ ಮಾಡಿದ್ದು ಅಂತಾರೆ. ಠಾಣೆಗೆ ತೊಟ್ಟೆ ತಂದು ಕೊಟ್ಟವನು ನಾನೇ ತಾನೇ?"

"ಬಿಟ್ರೆ?"

"ಹವ್ವಮ್ಮ."

ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಪೂವಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನನಗೆ ನೀವು ಬೇಕು," ಎಂದಳು. "ಇಲ್ಲಿ ಕೂತು ಎಷ್ಟು ಸರ್ತಿ ಕೈ ಎತ್ತಿದೆ ಗೊತ್ತುಂಟಾ? ಎತ್ತಿದಾಗೆಲ್ಲ ಮೈಮೂನಾ ಕಣ್ಣೆದುರು ಬರ್ತಾಳೆ. ಅವಳ ಮದುವೆಗೆ ಒಂದು ಸೀರೆ ಕೊಡುವ ಅಂತ ಮಂಡಲದಲ್ಲಿ ಮಾತಾಡಿದ್ದೆವು. ನಾನು ಬಿಡ್ಲಾರೆ, ತರ್ಲಾರೆ. ಈಗ ನಿಮ್ಮ ಕೈಯಲ್ಲುಂಟು. ನೀವು ಎಂತ ಮಾಡಿದ್ರೂ ನಾನು ಎದುರು ಹೇಳುದಿಲ್ಲ. ಎರಡರಲ್ಲಿ ಒಂದು ಮಾಡಿ."

ಬೋಜಪ್ಪ ಬಹಳ ಹೊತ್ತು ಯೋಚಿಸಲಿಲ್ಲ. ಯೋಚಿಸಿದರೆ ಕಾಲು ಏಳಲಿಕ್ಕಿಲ್ಲ ಎಂದು ಅವನಿಗೆ ಗೊತ್ತಿತ್ತು. ಫೈಲನ್ನು ಮತ್ತೆ ಕ್ಯಾಲೆಂಡರಿನೊಳಗೆ ಸುತ್ತಿ ನೂಲು ಬಿಗಿದ.

"ನಡಿ," ಎಂದ. "ಮೂರೂಕಾಲರ ಬಸ್ಸು ಉಂಟು. ಕೋರ್ಟಿನ ಬಾಗಿಲಿಗಾದರೂ ಮುಟ್ಟುವ."

ಮರಳಿನಲ್ಲಿ ಇಬ್ಬರೂ ನಡೆದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಪೂವಮ್ಮ ಹೊರಗಡೆ, ಜನರ ಕಣ್ಣಿಗೆ ಬೀಳುವಂತೆ, ಅವನ ತೋಳು ಹಿಡಿದುಕೊಂಡಿದ್ದಳು.

ದಂಡೆ ಹತ್ತುವಷ್ಟರಲ್ಲಿ ರಸ್ತೆಯ ಬದಿಯಲ್ಲಿ ಠಾಣೆಯ ಜೀಪು ಬಂದು ನಿಂತಿತು. ಕಾನ್ಸ್‌ಟೇಬಲ್ ದೇವದಾಸ ಹಾರಿ ಇಳಿದ. ಸಮವಸ್ತ್ರ ಇರಲಿಲ್ಲ, ಪಾಳಿ ಮು­ಗಿಸಿ ಪಂಚೆ ಉಟ್ಟಿದ್ದ. ಮುಖ ಗೆಲುವಾಗಿತ್ತು.

"ಅಯ್ಯೋ ದಫೇದಾರ್ರೆ, ಈ ಬಿಸಿಲಲ್ಲಿ ಯಾಕೆ ಮಾರಾಯ್ರೆ! ಇನ್ನು ಹುಡುಕುದು ಬೇಡ. ನಿಮ್ಮನ್ನು ಕರ್ಕೊಂಡು ಬಾ ಅಂತ ಸಾಹೇಬ್ರೇ ಜೀಪು ಕೊಟ್ರು. ಕೇಸು ಮುಗೀತು."

"ಮುಗೀತು ಅಂದ್ರೆ?"

"ಒಪ್ಪಿಕೊಂಡ್ಲು. ಹವ್ವಮ್ಮ."

ಬೋಜಪ್ಪನ ತೋಳಿನ ಮೇಲಿದ್ದ ಪೂವಮ್ಮನ ಕೈ ಬಿಗಿಯಿತು.

"ಒಂದೂವರೆಗೆ ಅವಳ ಮಗಳು ಮೈಮೂನಾಳನ್ನು ಕರೆಸಿ ಜಗಲಿಯಲ್ಲಿ ಕೂರಿಸಿದ್ರು. ಅಷ್ಟೇ. ಯಾರೂ ಒಂದು ಪೆಟ್ಟು ಹೊಡಿಲಿಲ್ಲ. ಮಗಳನ್ನು ಮನೆಗೆ ಕಳಿಸಿ, ನೀವು ಹೇಳಿದ ಹಾಗೆ ಬರ್ಕೊಳ್ಳಿ ಅಂದ್ಲು. ಫೈಲು ಸುಟ್ಟುಹಾಕಿದೆ ಅಂತ ಹೆಬ್ಬೆಟ್ಟು ಒತ್ತಿದ್ಲು." ದೇವದಾಸ ಸ್ವರ ತಗ್ಗಿಸಿದ. "ನಿಮ್ಮನ್ನು ಮಾತ್ರ ಎರಡು ಸರ್ತಿ ಕೇಳಿದ್ಲು. ದಫೇದಾರ್ರು ಬಂದ್ರಾ, ಬಂದ್ರಾ ಅಂತ."

ಫೈಲು ಸುಟ್ಟುಹೋಗಿದೆ. ಕಾಗದದಲ್ಲಿ ಹಾಗೆ ಬರೆದಾಗಿದೆ, ಹೆಬ್ಬೆಟ್ಟು ಬಿದ್ದಿದೆ. ಇನ್ನು ಅದನ್ನು ಕೇಳುವವರು ಈ ಭೂಮಿಯ ಮೇಲೆ ಯಾರೂ ಇಲ್ಲ.

ದೇವದಾಸನ ಕಣ್ಣು ಬೋಜಪ್ಪನ ಕಂಕುಳಿಗೆ ಹೋಯಿತು. "ಅದೆಂತ ಕಟ್ಟು?"

"ದೇವರ ಪಟ," ಎಂದ ಬೋಜಪ್ಪ.

ಹೇಳಿದ ಮೇಲಷ್ಟೇ ತಾನು ಏನು ಹೇಳಿದೆನೆಂದು ಅವನಿಗೆ ಗೊತ್ತಾಯಿತು. ಪೂವಮ್ಮನ ಕೈ ಅವನ ತೋಳಿನಿಂದ ಮೆಲ್ಲಗೆ ಜಾರಿತು. ಅವನು ಅವಳ ಕಡೆ ನೋಡಲಿಲ್ಲ.

"ಓ, ಮಂಡಲದ್ದಾ? ನೀರಿಗೆ ಬಿಡ್ಲಿಕ್ಕೆ ಇದೊಂದು ಬಾಕಿಯಾಯ್ತಾ?" ಎಂದ ದೇವದಾಸ. "ಮತ್ತೆ ಇಳಿಯುದು ಬೇಡ, ನಿಮಗೆ ಸುಸ್ತಾಗಿದೆ. ಇತ್ತ ಕೊಡಿ, ನಾನೇ ಬಿಟ್ಟು ಬರ್ತೇನೆ."

ಅವನು ಚಪ್ಪಲಿ ಬದಿಗೆ ಕಳಚಿಟ್ಟು, ಪ್ರಸಾದಕ್ಕೆ ಚಾಚುವ ಹಾಗೆ ಎರಡೂ ಕೈ ಮುಂದೆ ಚಾಚಿದ.